ಹಳೆಯ ನೇಯ್ಗೆ ಶೆಡ್ಡನ್ನು ಕೆಡಹುವ ಮುನ್ನ: ನಿವಾಸಿಗಳ ಗಮನಕ್ಕೆ

ಸಂಘದ ಕಾರ್ಯದರ್ಶಿ:
ಎಲ್ಲರಿಗೂ ನಮಸ್ಕಾರ. ನಮ್ಮ ಬಡಾವಣೆಯ ಪಶ್ಚಿಮದ ಗೋಡೆಯಾಚೆ ಇರುವ ಹಳೆಯ ಗಿರಣಿಯ ನೇಯ್ಗೆ ಶೆಡ್ಡಿನ ಸುತ್ತ ತಗಡಿನ ಬೇಲಿ ಎದ್ದಿರುವುದನ್ನು ನೀವೂ ನೋಡಿರುತ್ತೀರಿ. ಮಾಲೀಕರು ಅಲ್ಲಿ ವಸತಿ ಸಮುಚ್ಚಯ ಕಟ್ಟಲು ಹೊರಟಿದ್ದಾರೆ. ಅದು ಅವರ ಹಕ್ಕು, ಅದಕ್ಕೆ ನಮ್ಮ ತಕರಾರಿಲ್ಲ. ಆದರೆ ಅಳತೆ ತೆಗೆಯದೆ, ಚಿತ್ರ ದಾಖಲಿಸದೆ, ಒಂದು ಅಂಕಣವನ್ನೂ (ಎರಡು ಕಂಬಸಾಲುಗಳ ನಡುವಿನ ಭಾಗವನ್ನೂ) ಉಳಿಸದೆ ಇಡೀ ಶೆಡ್ಡನ್ನು ನೆಲಸಮ ಮಾಡುವುದಕ್ಕೆ ನಾವು ಸುಮ್ಮನೆ ತಲೆಯಾಡಿಸಬಾರದು.

ಬೆಂಗಳೂರು ಈ ವಿಷಯದಲ್ಲಿ ಈಗಾಗಲೇ ಬಹಳಷ್ಟನ್ನು ಕಳೆದುಕೊಂಡಿದೆ. 1884ರಲ್ಲಿ ಆರಂಭವಾಗಿ ಮುಂದೆ ಬಿನ್ನಿ ಮಿಲ್ ಎಂದೇ ಹೆಸರಾದ ಗಿರಣಿಯ ನೆಲದಲ್ಲಿ ಅಪಾರ್ಟ್‌ಮೆಂಟುಗಳು ಎದ್ದಿವೆ. ಮಲ್ಲೇಶ್ವರದ ರಾಜಾ ಮಿಲ್ ಇದ್ದ ಜಾಗದಲ್ಲಿ ಮಾಲ್ ನಿಂತಿದೆ. ಮಿನರ್ವ ಮಿಲ್ ಎಂದರೆ ಅನೇಕರಿಗೆ ಸಂವಿಧಾನದ ಮೂಲ ಸ್ವರೂಪದ ಕುರಿತ 1980ರ ಸುಪ್ರೀಂ ಕೋರ್ಟ್ ತೀರ್ಪು ನೆನಪಾಗುತ್ತದೆಯೇ ಹೊರತು ಪಾಳಿಯ ಮೇಲೆ ಪಾಳಿ ದುಡಿದ ಕಾರ್ಮಿಕರ ಗಿರಣಿಯಲ್ಲ. ಈ ನಗರವನ್ನು ಐಟಿ ಕಂಪನಿಗಳಿಗಿಂತ ಎಷ್ಟೋ ಮೊದಲು ಬೆಳೆಸಿದವರ ಗುರುತು ಬಸ್ ನಿಲ್ದಾಣದ ಫಲಕಕ್ಕಷ್ಟೇ ಸೀಮಿತವಾಗುವುದು ನ್ಯಾಯವಲ್ಲ.

2ನೇ ಅಡ್ಡರಸ್ತೆಯ ನಿವಾಸಿ:
ತಮ್ಮ ಭಾವನೆಯನ್ನು ಗೌರವಿಸುತ್ತೇನೆ. ಆದರೆ ಮಳೆಗಾಲದಲ್ಲಿ ಆ ಗೋಡೆಯ ಪಕ್ಕದಲ್ಲೇ ಮಕ್ಕಳು ಶಾಲೆಗೆ ಹೋಗುತ್ತಾರೆ, ಛಾವಣಿಯ ಒಡೆದ ಆಸ್ಬೆಸ್ಟಾಸ್ ಹಾಳೆಗಳು ಯಾವಾಗ ಬೀಳುತ್ತವೋ ತಿಳಿಯದು. ಮೊದಲು ಅದಕ್ಕೆ ಉತ್ತರ ಬೇಕು.

4ನೇ ಅಡ್ಡರಸ್ತೆಯ ನಿವಾಸಿ, ನಿವೃತ್ತ ಗಿರಣಿ ಕಾರ್ಮಿಕ:
ಹಾಳೆಗಳ ಬಗ್ಗೆ ಹೇಳಿದ್ದು ಸರಿ. ಅವನ್ನು ತೆಗೆಯಲೇಬೇಕು, ಅದೂ ಒಡೆಯದಂತೆ, ನೀರು ಚಿಮುಕಿಸಿ, ದೂಳು ಏಳದ ಹಾಗೆ ತೆಗೆಯಬೇಕು. ಆದರೆ ಅವು ಮೂಲ ಛಾವಣಿಯಲ್ಲ, ಹೆಂಚು ಒಡೆದಾಗ ಹಾಕಿದ ತೇಪೆ. ಮೂಲ ಕಟ್ಟಡದ ಜಾಣ್ಮೆಯೇ ಬೇರೆ. ಗರಗಸದ ಹಲ್ಲಿನಂತಿರುವ ಆ ಛಾವಣಿಯ ಪ್ರತಿ ಹಲ್ಲಿನ ಕಡಿದಾದ ಮುಖಕ್ಕೆ ಗಾಜು ಹಾಕಿ ಅದನ್ನು ಉತ್ತರಕ್ಕೆ ತಿರುಗಿಸಿದ್ದಾರೆ. ವರ್ಷದ ಬಹುಪಾಲು ನೇರ ಬಿಸಿಲು ಒಳಗೆ ಬೀಳದೆ ಸಮನಾದ ಬೆಳಕು ಮಗ್ಗಗಳ ಮೇಲೆ ಹರಡುತ್ತಿದ್ದುದರಿಂದ, ಹಾಸಿನ, ಅಂದರೆ ಮಗ್ಗದಲ್ಲಿ ಉದ್ದಕ್ಕೆ ಬಿಗಿದ ನೂಲಿನ, ಒಂದೇ ಎಳೆ ಕಡಿದರೂ ನೇಯುವವರ ಕಣ್ಣಿಗೆ ಬೀಳುತ್ತಿತ್ತು. ಎರಡು ಹಲ್ಲುಗಳ ನಡುವಿನ ದೋಣಿಯಾಕಾರದ ಕಾಲುವೆಯಲ್ಲಿ ಸೇರುವ ಮಳೆನೀರು ಬೀಡುಕಬ್ಬಿಣದ ಟೊಳ್ಳು ಕಂಬಗಳ ಒಳಗಿನಿಂದಲೇ ಇಳಿದು ನೆಲದಡಿಯ ಚರಂಡಿಗೆ ಹೋಗುತ್ತದೆ. ಕಂಬಗಳ ಬುಡ ತುಕ್ಕು ಹಿಡಿದಿರುವುದು ಚರಂಡಿ ಕಟ್ಟಿಕೊಂಡು ನೀರು ಒಳಗೇ ನಿಂತಿದ್ದರಿಂದ. ರಸ್ತೆಯ ಕಡೆಯ ಎರಡು ಅಂಕಣಗಳಲ್ಲಿ ಕಂಬಗಳು ಇನ್ನೂ ಗಟ್ಟಿಯಾಗಿವೆ.

1ನೇ ಅಡ್ಡರಸ್ತೆಯ ನಿವಾಸಿ, ವಕೀಲೆ:
ಪ್ರಾಚೀನ ಸ್ಮಾರಕಗಳ ಕಾಯ್ದೆಯ ರಕ್ಷಣೆಗೆ ಕಟ್ಟಡಕ್ಕೆ ಕನಿಷ್ಠ 100 ವರ್ಷವಾಗಿರಬೇಕು. ನಮ್ಮ ಶೆಡ್ಡಿಗೆ ಅಷ್ಟು ವಯಸ್ಸಾಗಿಲ್ಲ. ಆದರೆ 1961ರ ಕರ್ನಾಟಕ ಪಟ್ಟಣ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯಲ್ಲಿ ಪಾರಂಪರಿಕ ಕಟ್ಟಡದ ವ್ಯಾಖ್ಯಾನಕ್ಕೆ ವಯಸ್ಸು ಅಡ್ಡಿಯಲ್ಲ: ವಾಸ್ತುಶಿಲ್ಪ, ಸೌಂದರ್ಯ, ಇತಿಹಾಸ ಅಥವಾ ಸಂಸ್ಕೃತಿಯ ಮೌಲ್ಯವಿದ್ದು, ಯೋಜನಾ ಪ್ರಾಧಿಕಾರ ಹಾಗೆಂದು ಘೋಷಿಸಬೇಕು. ಆದ್ದರಿಂದ ನಮ್ಮ ಮನವಿ ಪ್ರಾಧಿಕಾರಕ್ಕೇ ಹೋಗಬೇಕು. ಜೊತೆಗೆ ಮಂಜೂರಾದ ನಕ್ಷೆಯ ಪ್ರತಿಯನ್ನು ಮಾಹಿತಿ ಹಕ್ಕಿನಡಿ ಕೇಳೋಣ. ಉತ್ತರಕ್ಕೆ 30 ದಿನಗಳ ಗಡುವಿರುವುದರಿಂದ ಅರ್ಜಿಯನ್ನು ತಡಮಾಡದೆ ಹಾಕಬೇಕು.

ಸಂಘದ ಕಾರ್ಯದರ್ಶಿ:
ಹಳೆಯ ಸೆಂಟ್ರಲ್ ಜೈಲು 2008ರಲ್ಲಿ ಫ್ರೀಡಂ ಪಾರ್ಕ್ ಆದಾಗ ಕಾವಲು ಗೋಪುರವನ್ನು ಕೆಡಹಲಿಲ್ಲ. ಜಾಗದ ಬಳಕೆ ಬದಲಾದರೂ ಗುರುತು ಉಳಿಯಿತು. ನಾವು ಕೇಳುವುದೂ ಅಷ್ಟೇ: ಆಸ್ಬೆಸ್ಟಾಸನ್ನು ಕ್ರಮವಾಗಿ ತೆಗೆಯಲಿ, ರಸ್ತೆಯ ಕಡೆಯ ಎರಡು ಅಂಕಣಗಳನ್ನು ದುರಸ್ತಿ ಮಾಡಿ ಗ್ರಂಥಾಲಯಕ್ಕೋ ಸಭಾಂಗಣಕ್ಕೋ ಬಿಡಲಿ, ಉಳಿದ ಭಾಗವನ್ನು ಅಳತೆ ಮಾಡಿ ದಾಖಲಿಸಿದ ಮೇಲಷ್ಟೇ ಕೆಡಹಲಿ. ಮನವಿಯ ಕರಡನ್ನು ವಕೀಲರು ಸಿದ್ಧಪಡಿಸುತ್ತಾರೆ. ಗಿರಣಿಯಲ್ಲಿ ದುಡಿದವರ ಮನೆಗಳಲ್ಲಿ ಹಾಜರಿ ಚೀಟಿ, ಗುರುತಿನ ಬಿಲ್ಲೆ, ಹಳೆಯ ಫೋಟೊ ಏನಿದ್ದರೂ ಅದರ ನಕಲನ್ನು ಭಾನುವಾರದೊಳಗೆ ಸಂಘದ ಕಚೇರಿಗೆ ತಲುಪಿಸಿ. ಮೂಲ ಪ್ರತಿ ನಿಮ್ಮ ಬಳಿಯೇ ಇರಲಿ. ಸಹಿ ಸಂಗ್ರಹಕ್ಕೆ ಪ್ರತಿ ಅಡ್ಡರಸ್ತೆಯಿಂದ ಒಬ್ಬರು ಮುಂದೆ ಬನ್ನಿ.