‘ತೇಲುಗಸಿ’ ಅನ್ನಬಹುದಾ? ಅದನ್ನು ಹಿಡಿಯುವ ಸಲಕರಣೆಗಳಿಗೂ ಹೆಸರು ಬೇಕು

ಧಾರವಾಡದಿಂದ ನಮಸ್ಕಾರ.

ಇಲ್ಲಿನ ಕನ್ನಡ ಮಾಧ್ಯಮದ ಹೈಸ್ಕೂಲ್ ಮಕ್ಕಳಿಗಾಗಿ ಆಳಸಮುದ್ರದ ಬಿಸಿನೀರ ಬುಗ್ಗೆಗಳ ಬಗ್ಗೆ ಬರೆಯುತ್ತಿದ್ದೇನೆ. ಹಿಂದೂ ಮಹಾಸಾಗರದಲ್ಲಿ ಸುಮಾರು 4,500 ಮೀಟರ್ ಆಳದ ಬುಗ್ಗೆಯೊಂದರ ಚಿತ್ರವನ್ನು ನಮ್ಮವರೇ ತೆಗೆದ ಸುದ್ದಿ 2024ರ ಡಿಸೆಂಬರಿನಲ್ಲಿ ಬಂತಲ್ಲ, ಅಂಥವು.

ಕೆಲವು ಬುಗ್ಗೆಗಳ ನೀರು 350 ಡಿಗ್ರಿ ಸೆಲ್ಸಿಯಸ್‌ಗೂ ಜಾಸ್ತಿ ಬಿಸಿ. ಸುತ್ತಲಿನ ನೀರು ಸುಮಾರು 2 ಡಿಗ್ರಿ. ಎರಡೂ ಕೂಡುತ್ತಲೇ ಕರಗಿದ್ದ ಕಬ್ಬಿಣ, ತಾಮ್ರ, ಸತು ಗಂಧಕದ ಜೊತೆ ಸೇರಿ ಕರಿಪುಡಿಯಾಗುತ್ತವೆ. ನೋಡಿದರೆ ಹೊಗೆಯೇ. ಆ ಪುಡಿ ನೂರಾರು ಮೀಟರ್ ಮೇಲೇರಿ, ಆಮೇಲೆ ಅಡ್ಡಕ್ಕೆ ಹರಡುತ್ತದೆ.

ಈ ಪುಡಿಗೆ ಏನನ್ನೋಣ? ‘ನಿಲಂಬಿತ ಕಣ’ ಮಕ್ಕಳ ಬಾಯಲ್ಲಿ ನಿಲ್ಲುವುದಿಲ್ಲ. ಇಂಗ್ಲಿಷಿನ ‘ಸಸ್ಪೆಂಡೆಡ್ ಪಾರ್ಟಿಕಲ್ಸ್’ ಅನ್ನು ಕಂಪ್ಯೂಟರ್ ಅನುವಾದ ‘ಅಮಾನತುಗೊಂಡ ಕಣಗಳು’ ಅಂದಿತು. ಯಾವ ತಪ್ಪಿಗೋ, ಯಾರ ಆದೇಶವೋ! ನಾವು ರಾಡಿ ಅನ್ನುತ್ತೇವೆ, ಮೈಸೂರಿನವರು ಬಗ್ಗಡ. ಎರಡೂ ನೀರಿನ ಸ್ಥಿತಿ, ಕಣದ ಹೆಸರಲ್ಲ. ಅದಕ್ಕೇ ‘ತೇಲುಗಸಿ’ ಅಂತ ಕಟ್ಟಿದ್ದೇನೆ. ತಳಕ್ಕೆ ಕೂತರೆ ತಾನೇ ಗಸಿ, ತೇಲೋದು ಹೇಗೆ ಗಸಿ ಅಂತ ಜಗಳ ತೆಗೆಯಬಹುದು. ತೆಗೆಯಿರಿ.

ಹೆಚ್ಚು ತೊಡಕು ಈ ಪುಡಿ ಹಿಡಿಯಲು ಬಳಸುವ ಮೂರು ಸಲಕರಣೆಗಳದ್ದು. ಮೂರಕ್ಕೂ ‘ಕಣಸಂಗ್ರಾಹಕ’ ಅಂದುಬಿಟ್ಟರೆ ಯಾವುದು ಏನು ಮಾಡುತ್ತದೆ ಅನ್ನುವುದೇ ಹೋಗುತ್ತದೆ. ಮೊದಲನೆಯದು ನಿಸ್ಕಿನ್ ಬಾಟಲಿ. ಅದು ಎರಡೂ ತುದಿ ತೆರೆದುಕೊಂಡು ಇಳಿಯುತ್ತದೆ, ಬೇಕಾದ ಆಳದಲ್ಲಿ ಮುಚ್ಚಿಕೊಳ್ಳುತ್ತದೆ. ಅದು ಹಿಡಿಯುವುದು ನೀರನ್ನು. ಹಡಗಿಗೆ ಬರುವಷ್ಟರಲ್ಲಿ ದಪ್ಪ ಕಣಗಳು ತಳಕ್ಕಿಳಿದಿರುತ್ತವೆ. ಮಳೆಗಾಲದಲ್ಲಿ ಮಲಪ್ರಭೆಯ ನೀರು ತುಂಬಿಟ್ಟ ಹಂಡೆಯ ಹಾಗೆ, ನಳಕ್ಕಿಂತ ಕೆಳಗಿರುವ ಗಸಿ ಹೊರಗೇ ಬರುವುದಿಲ್ಲ. ಅಲುಗಾಡಿಸದೆ ನೀರು ಬಿಟ್ಟರೆ ಕಣದ ಲೆಕ್ಕ ಕಮ್ಮಿ ಬರುತ್ತದೆ. ಇದಕ್ಕೆ ‘ನೀರುಬಾಟಲಿ’ ಸಾಕು ಅನ್ನಿಸುತ್ತದೆ.

ಎರಡನೆಯದು ತಂತಿಗೆ ಕಟ್ಟಿ ಇಳಿಸುವ ಬ್ಯಾಟರಿ ಪಂಪು. ಆಳದಲ್ಲೇ ನೂರಾರು ಲೀಟರ್ ನೀರನ್ನು ಫಿಲ್ಟರ್ ಮೂಲಕ ಎಳೆದು ಕಣವನ್ನಷ್ಟೇ ಉಳಿಸಿಕೊಳ್ಳುತ್ತದೆ. ‘ಸೋಸುಪಂಪು’ ಅಂದಿದ್ದೇನೆ. ಗೆಳೆಯರೊಬ್ಬರು ‘ಸಾಣಿಗೆ ಪಂಪು’ ಅಂದರು. ಸಾಣಿಗೆ ಅಂದರೆ ಹಿಟ್ಟು, ಇಲ್ಲಿ ತೂತು ಸಾಮಾನ್ಯವಾಗಿ ಮಿಲಿಮೀಟರಿನ ಸಾವಿರದಲ್ಲೊಂದು ಪಾಲಾದ ಒಂದು ಮೈಕ್ರಾನ್‌ಗೂ ಸಣ್ಣದು. ಒಪ್ಪಲಿಲ್ಲ.

ಮೂರನೆಯದು ಸೆಡಿಮೆಂಟ್ ಟ್ರ್ಯಾಪ್. ಟ್ರ್ಯಾಪ್‌ಗೆ ‘ಬೋನು’ ಅಂದರೆ ಚಿರತೆ ಕಣ್ಣಮುಂದೆ ಬರುತ್ತದೆ. ಅದು ದೊಡ್ಡ ಆಲಿಕೆ, ಅಷ್ಟೇ. ಮೇಲಿನಿಂದ ಉದುರಿದ ಕಣ ಜಾರಿ ಸೀಸೆಗೆ ಬೀಳುತ್ತದೆ. ಗೊತ್ತುಮಾಡಿದ ದಿನಕ್ಕೆ ಇನ್ನೊಂದು ಸೀಸೆ ತಿರುಗಿ ಅದರಡಿ ಬಂದು ನಿಲ್ಲುತ್ತದೆ. ತೇಲುತ್ತಲೇ ಇರುವ ಸಣ್ಣ ಕಣ ಇದಕ್ಕೆ ಸಿಗುವುದಿಲ್ಲ. ‘ಉದುರಾಲಿಕೆ’ ಅಂದರೆ ಕಿವಿಗೆ ಒರಟಾಯಿತಾ? ಆಲಿಕೆಗೆ ಗದಗ, ಹಾವೇರಿ ಕಡೆ ಬೇರೆ ಮಾತಿದ್ದರೆ ದಯವಿಟ್ಟು ತಿಳಿಸಿ.