ಅಡಿಕೆ ಸಿಪ್ಪೆಯ ಪುಡಿ ಬೆರೆಸಿದ ಪಿಷ್ಟದ ಹಾಳೆ ಬಿರಿಯುತ್ತದೆ, ಅಂಟುತ್ತದೆ: ತಪ್ಪು ಎಲ್ಲಿದೆ?

ಪ್ರಶ್ನೆ (ಶಿರಸಿಯಿಂದ)

ನಮಸ್ಕಾರ. ಸಸಿ ಬೆಳೆಸುವ ಪ್ಲಾಸ್ಟಿಕ್ ಚೀಲಕ್ಕೆ ಬದಲಾಗಿ ಮಣ್ಣಿನಲ್ಲಿ ಕೊಳೆಯುವ ತೆಳು ಹಾಳೆಯೊಂದನ್ನು ಮನೆಯಲ್ಲೇ ತಯಾರಿಸಲು ಪ್ರಯತ್ನಿಸುತ್ತಿದ್ದೇನೆ. 100 ಮಿ.ಲೀ. ನೀರಿಗೆ 5 ಗ್ರಾಂ ಕಾರ್ನ್‌ಫ್ಲೋರ್ (ಮೆಕ್ಕೆಜೋಳದ ಪಿಷ್ಟ), 2 ಗ್ರಾಂ ಗ್ಲಿಸರಿನ್ ಮತ್ತು ಒಂದು ಚಮಚ ವಿನೆಗರ್ ಸೇರಿಸಿ, ಬಲ ಬರಲೆಂದು ಒಣ ಅಡಿಕೆ ಸಿಪ್ಪೆಯನ್ನು ಮಿಕ್ಸಿಯಲ್ಲಿ ಪುಡಿಮಾಡಿ, ಹಿಟ್ಟಿನ ಜರಡಿಯಲ್ಲಿ ಜಾಲಿಸಿ ಅರ್ಧ ಗ್ರಾಂ ಹಾಕುತ್ತೇನೆ. ಮಿಶ್ರಣ ಮಂದವಾಗತೊಡಗಿದ ಕೂಡಲೇ ಒಲೆಯಿಂದ ಇಳಿಸಿ, 25 ಸೆಂ.ಮೀ. ವ್ಯಾಸದ ತಟ್ಟೆಗೆ ಸುರಿದು ಒಣಗಿಸುತ್ತೇನೆ. ಒಣಗುವಾಗ ಪುಡಿಯ ಕಣಗಳ ಸುತ್ತ ಬಿರುಕು ಮೂಡುತ್ತದೆ, ತಳಭಾಗ ಒರಟಾಗಿರುತ್ತದೆ; ಉಳಿದ ತುಂಡುಗಳನ್ನು ಎತ್ತಿಟ್ಟರೆ ಈ ಮಳೆಗಾಲದಲ್ಲಿ ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಪುಡಿ ಹಾಕದ ಹಾಳೆಯೇ ಇದಕ್ಕಿಂತ ವಾಸಿ ಎನಿಸುತ್ತಿದೆ.

ಉತ್ತರ 1

ನಿಮ್ಮ ಲೆಕ್ಕವನ್ನೇ ಹಿಡಿದು ನೋಡೋಣ. ಆ ತಟ್ಟೆಯ ವಿಸ್ತಾರ ಸುಮಾರು 490 ಚದರ ಸೆಂ.ಮೀ.; ಅದರಲ್ಲಿ ಏಳೂವರೆ ಗ್ರಾಂ ಘನವಸ್ತು ಒಣಗಿದರೆ ಹಾಳೆಯ ದಪ್ಪ ಹೆಚ್ಚುಕಡಿಮೆ 0.1 ಮಿ.ಮೀ. ಆಗುತ್ತದೆ. ಹಿಟ್ಟಿನ ಜರಡಿಯ ಕಣ್ಣು ಅದಕ್ಕಿಂತ ಎಷ್ಟೋ ದೊಡ್ಡದು. ಅಂದರೆ ಹಾಳೆಗಿಂತ ಅದರೊಳಗಿನ ಕಣವೇ ದಪ್ಪ! ಸುತ್ತಲಿನ ಪಿಷ್ಟ ಒಣಗಿ ಕುಗ್ಗುವಾಗ ಕುಗ್ಗದ ಆ ಕಣದ ಅಂಚಿನಲ್ಲಿ ಎಳೆತ ಒಟ್ಟುಗೂಡಿ ಬಿರುಕು ಅಲ್ಲಿಂದಲೇ ಶುರುವಾಗುತ್ತದೆ. 200 ಮೆಶ್ ಜರಡಿ (ಅಂಗುಲಕ್ಕೆ 200 ಕಣ್ಣುಗಳಿರುವುದು) ಸಿಕ್ಕರೆ 75 ಮೈಕ್ರಾನ್‌ಗಿಂತ, ಅಂದರೆ 0.075 ಮಿ.ಮೀ.ಗಿಂತ, ಸಣ್ಣ ಪುಡಿ ದೊರೆಯುತ್ತದೆ. ಸಿಗದಿದ್ದರೆ ಪುಡಿಯನ್ನು ರಾತ್ರಿಯಿಡೀ ನೆನೆಸಿ, ಬೆಳಿಗ್ಗೆ ಕಲಕಿ, ಒಂದು ನಿಮಿಷ ಬಿಟ್ಟು, ಗಸಿಯನ್ನು ಕೆಳಗೇ ಬಿಟ್ಟು ಮೇಲಿನ ಕದಡಿದ ನೀರನ್ನಷ್ಟೇ ಬಸಿದುಕೊಳ್ಳಿ. ಅದರಲ್ಲಿ ಒಂದು ಅಳತೆಯನ್ನು ಒಣಗಿಸಿ ತೂಗಿದರೆ ಎಷ್ಟು ಪುಡಿಯಿದೆ ಎಂಬುದು ತಿಳಿಯುತ್ತದೆ. ಪ್ರಮಾಣವೂ ಪಿಷ್ಟದ ತೂಕದ ಶೇ. 10ರಷ್ಟು ಬೇಡ, ಶೇ. 3ರಿಂದ, ಅಂದರೆ 0.15 ಗ್ರಾಂನಿಂದ, ಆರಂಭಿಸಿ.

ಎರಡನೆಯದು ಬೇಯಿಸುವ ಕ್ರಮ. ಮೆಕ್ಕೆಜೋಳದ ಪಿಷ್ಟ ಸುಮಾರು 62ರಿಂದ 72 ಡಿಗ್ರಿ ಸೆಲ್ಸಿಯಸ್‌ನಲ್ಲಿ ಉಬ್ಬತೊಡಗುತ್ತದೆಯಾದರೂ ಕಣಗಳು ಪೂರ್ತಿಯಾಗಿ ಬಿಚ್ಚಿಕೊಳ್ಳಲು 90 ಡಿಗ್ರಿಯ ಆಸುಪಾಸಿನಲ್ಲಿ ಹದಿನೈದು-ಇಪ್ಪತ್ತು ನಿಮಿಷ ಕೈಯಾಡಿಸುತ್ತಿರಬೇಕು. ಹಾಲಿನಂತಿದ್ದದ್ದು ಗಂಜಿಯ ತಿಳಿಯಂತೆ ಪಾರಕವಾಗಬೇಕು. ಆವಿಯಾದಷ್ಟು ನೀರನ್ನು ಮತ್ತೆ ಸೇರಿಸಬಹುದು. ಹೀಗೆ ಮಂದವಾದ ಮಿಶ್ರಣದಲ್ಲಿ ಪುಡಿ ಬೇಗ ತಳಕ್ಕೆ ಇಳಿಯುವುದಿಲ್ಲ. ವಿನೆಗರ್ ಬಿಟ್ಟುಬಿಡಿ: ಆಮ್ಲದೊಂದಿಗೆ ಹೆಚ್ಚು ಹೊತ್ತು ಕುದಿಸಿದರೆ ಪಿಷ್ಟದ ಅಣುಗಳ ಉದ್ದ ಸರಪಳಿಗಳು ತುಂಡಾಗುತ್ತವೆ.

ಉತ್ತರ 2

ಅಂಟುವುದಕ್ಕೆ ಕಾರಣ ಗ್ಲಿಸರಿನ್. ಪಿಷ್ಟದ ಶೇ. 40ರಷ್ಟು ಹಾಕಿದ್ದೀರಿ; ಅದು ಗಾಳಿಯ ತೇವವನ್ನು ಹೀರಿಕೊಳ್ಳುವ ವಸ್ತು, ಅದರಲ್ಲೂ ನಿಮ್ಮ ಊರಿನ ಆಷಾಢದಲ್ಲಿ! ಒಂದೂವರೆ ಗ್ರಾಂಗೆ ಇಳಿಸಿ. ಇನ್ನೂ ಕಡಿಮೆ ಮಾಡಿದರೆ ಬೇಸಿಗೆಯಲ್ಲಿ ಹಾಳೆ ಹಪ್ಪಳದಂತೆ ಮುರಿಯುತ್ತದೆ. ಹವೆಯನ್ನು ದೂರುವ ಮೊದಲು, ಕರಗದ ಉಪ್ಪು ತಳದಲ್ಲಿ ಉಳಿದಿರುವಷ್ಟು ಗಾಢವಾದ ಅಡುಗೆ ಉಪ್ಪಿನ ನೀರನ್ನು ಬಿಗಿ ಮುಚ್ಚಳದ ಡಬ್ಬಿಯಲ್ಲಿಟ್ಟು, ಅದರ ಮೇಲ್ಭಾಗದಲ್ಲಿ ತುಂಡುಗಳನ್ನು ಎರಡು ದಿನ ತೂಗುಹಾಕಿ. ಒಳಗಿನ ಆರ್ದ್ರತೆ ಶೇ. 75ರ ಸುಮಾರಿಗೆ ನಿಲ್ಲುತ್ತದೆ. ಪುಡಿಯಿರುವ ಮತ್ತು ಪುಡಿಯಿಲ್ಲದ ಹಾಳೆಗಳನ್ನು ಅಲ್ಲಿಟ್ಟು ಹೋಲಿಸಿದರೆ ಮಾತ್ರ ಹೋಲಿಕೆಗೆ ಅರ್ಥವಿರುತ್ತದೆ.

ನಾರು ಪಿಷ್ಟಕ್ಕೆ ಚೆನ್ನಾಗಿ ಹಿಡಿದುಕೊಳ್ಳಲೆಂದು ಕೆಲವರು ಅದನ್ನು ಶೇ. 5ರ ಕಾಸ್ಟಿಕ್ ಸೋಡಾ ದ್ರಾವಣದಲ್ಲಿ ನೆನೆಸುತ್ತಾರೆ. ಮಾಡುವುದಾದರೆ ಕೈಗವಸು, ಕಣ್ಣಿಗೆ ರಕ್ಷಣೆ ಇರಲಿ. ಅಲ್ಯೂಮಿನಿಯಂ ಪಾತ್ರೆ ಖಂಡಿತ ಬೇಡ, ಹೈಡ್ರೋಜನ್ ಅನಿಲ ಹೊರಡುತ್ತದೆ. ಆದರೆ ಯಾವ ನಾರೂ ಪಿಷ್ಟದ ನೀರಿನ ಮೋಹವನ್ನು ಬಿಡಿಸುವುದಿಲ್ಲ. ದಿನವೂ ನೀರುಣಿಸುವ ಸಸಿಯ ಚೀಲಕ್ಕೆ ಈ ಹಾಳೆಯೊಂದೇ ಸಾಲದು. ಜೇನುಮೇಣದ ತೆಳು ಲೇಪವನ್ನಾದರೂ ಯೋಚಿಸಬೇಕಾಗುತ್ತದೆ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಧನ್ಯವಾದ. ಬಸಿದ ಪುಡಿಯನ್ನು 0.15 ಗ್ರಾಂ ಲೆಕ್ಕಕ್ಕೆ ಹಾಕಿ, ಇಪ್ಪತ್ತು ನಿಮಿಷ ಬೇಯಿಸಿದ ಹಾಳೆ ಬಿರಿಯಲಿಲ್ಲ, ಮಡಚಿದರೂ ಮುರಿಯಲಿಲ್ಲ. ಉಪ್ಪಿನ ಡಬ್ಬಿಯಲ್ಲಿ ತುಸು ಜಿಗುಟು ಉಳಿದಿದೆ. ತಳಭಾಗದಲ್ಲಿ ಸೂಜಿಮೊನೆಯಷ್ಟು ತೂತುಗಳೂ ಕಾಣುತ್ತಿವೆ, ಇದೇಕೆ?

ಉತ್ತರ 1

ಅವು ಗಾಳಿಗುಳ್ಳೆಗಳು. ಸುರಿಯುವ ಮೊದಲು ಪಾತ್ರೆಯನ್ನು ಮುಚ್ಚಿ, ಬಿಸಿನೀರಿನ ಮೇಲೆ ಹತ್ತು ನಿಮಿಷ ಕಲಕದೆ ಬಿಡಿ. ಗುಳ್ಳೆಗಳು ಮೇಲಕ್ಕೆ ಬಂದಮೇಲೆ ಕೆನೆಯನ್ನು ಸರಿಸಿ, ತಟ್ಟೆಯ ಅಂಚಿನಿಂದ ನಿಧಾನವಾಗಿ ಸುರಿಯಿರಿ.