ಕ್ಲಿನಿಕ್‌ನ ಔಷಧ ಚೀಟಿ: ಭಾನುವಾರ ವೈದ್ಯರನ್ನು ಕಾಣಲು ಯಾರು ಯಾರು ಬರುತ್ತೀರಿ?

3ನೇ ಅಡ್ಡರಸ್ತೆ, ಮೂಲೆ ಮನೆ:
ಅತ್ತೆಯವರ ರಕ್ತದೊತ್ತಡದ ಗುಳಿಗೆ ಹುಡುಕಿಕೊಂಡು ನವರಂಗ್ ವೃತ್ತದವರೆಗೂ ಹೋಗಿ ಬಂದೆ. ಚೀಟಿಯಲ್ಲಿ ಬರೆದಿರುವ ಹೆಸರನ್ನು ಯಾವ ಅಂಗಡಿಯವರೂ ಕೇಳಿಲ್ಲ. ಅದು ಸಿಗುವುದು ನಮ್ಮ ಮುಖ್ಯರಸ್ತೆಯ ಕ್ಲಿನಿಕ್‌ಗೆ ಅಂಟಿಕೊಂಡಿರುವ ಅಂಗಡಿಯಲ್ಲಿ ಮಾತ್ರ. ಸ್ಟ್ರಿಪ್‌ನ ಹಿಂಬದಿಯ ಸಣ್ಣಕ್ಷರ ಓದಿದರೆ ಒಳಗಿರುವುದು ಟೆಲ್ಮಿಸಾರ್ಟಾನ್ 40 ಮಿ.ಗ್ರಾಂ, ಊರೆಲ್ಲ ಸಿಗುವ ಔಷಧ! ಜೊತೆಗೆ ಗ್ಯಾಸ್ಟ್ರಿಕ್ ಗುಳಿಗೆ, ಮಲ್ಟಿವಿಟಮಿನ್. ತಿಂಗಳ ಬಿಲ್ಲು ಎರಡು ಸಾವಿರ ದಾಟುತ್ತಿದೆ. ನಿಮ್ಮ ಮನೆಗಳಲ್ಲೂ ಹೀಗೆಯೇ?

ಉದ್ಯಾನದ ಎದುರು ಮನೆ:
ನಮ್ಮಲ್ಲೂ ಅದೇ ಮಲ್ಟಿವಿಟಮಿನ್. ಮಗನ ನೆಗಡಿಗೆ, ಸ್ಟ್ರಿಪ್ ಮೇಲೆ ‘ವೈದ್ಯರ ಚೀಟಿಯಿಲ್ಲದೆ ಬೇಡ’ ಎನ್ನುವ ಕೆಂಪು ಗೆರೆಯಿರುವ ಆಂಟಿಬಯಾಟಿಕ್ ಬೇರೆ. ಮೂಗಿಗಿಂತ ಮೂಗುತಿ ಭಾರ.

1ನೇ ಅಡ್ಡರಸ್ತೆ:
ಕೋವಿಡ್ ಕಾಲದಲ್ಲಿ ಇಲ್ಲಿ ಬಾಗಿಲು ತೆರೆದು ಕುಳಿತವರು ಆ ಕ್ಲಿನಿಕ್‌ನ ವೈದ್ಯರೊಬ್ಬರೇ. ಅವರನ್ನು ಬೆನ್ನ ಹಿಂದೆ ಕಟಕಟೆಗೆ ನಿಲ್ಲಿಸುವುದಕ್ಕೆ ನನ್ನ ಒಪ್ಪಿಗೆಯಿಲ್ಲ.

4ನೇ ಅಡ್ಡರಸ್ತೆ:
ಉಪಕಾರ ಬೇರೆ, ಬಿಲ್ಲು ಬೇರೆ. ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ (ಕೆಪಿಎಂಇ) ಕಾಯ್ದೆಯಡಿ ಜಿಲ್ಲಾಧಿಕಾರಿ ಅಧ್ಯಕ್ಷತೆಯ ಕುಂದುಕೊರತೆ ಪ್ರಾಧಿಕಾರವಿದೆ. ನೇರವಾಗಿ ಜಿಲ್ಲಾಧಿಕಾರಿ ಕಚೇರಿಯಿರುವ ಕಂದಾಯ ಭವನಕ್ಕೆ ಹೋಗಿ ದೂರು ಕೊಡೋಣ.

2ನೇ ಅಡ್ಡರಸ್ತೆ, ಮಹಡಿ ಮನೆ:
ಔಷಧ ಅಂಗಡಿ ನಡೆಸಿ ನಿವೃತ್ತನಾದವನು ನಾನು, ಸ್ವಲ್ಪ ತಾಳಿ. ಚೀಟಿಯಲ್ಲಿ ಬ್ರ್ಯಾಂಡ್ ಹೆಸರಿದ್ದರೆ ಅದರ ಬದಲು ಬೇರೆಯದನ್ನು ಕೊಡಲು ಅಂಗಡಿಯವನಿಗೆ ಕಾನೂನಿನಲ್ಲಿ ಅವಕಾಶವಿಲ್ಲ. ಗಲ್ಲಾಪೆಟ್ಟಿಗೆಯ ಮುಂದೆ ಕೂಗಾಡಿ ಫಲವಿಲ್ಲ, ಬದಲಾಗಬೇಕಾದದ್ದು ಚೀಟಿ. ಜೆನರಿಕ್ ಹೆಸರನ್ನು, ಅಂದರೆ ಬ್ರ್ಯಾಂಡ್ ಬದಲು ಔಷಧದ ಮೂಲ ಹೆಸರನ್ನು, ಓದಲು ಬರುವಂತೆ, ಆದಷ್ಟು ದೊಡ್ಡಕ್ಷರದಲ್ಲಿ ಬರೆಯಬೇಕೆಂದು ವೈದ್ಯರ ವೃತ್ತಿನೀತಿ ನಿಯಮಾವಳಿಗೆ 2016ರಲ್ಲೇ ತಿದ್ದುಪಡಿಯಾಗಿದೆ. 2023ರಲ್ಲಿ ಬಂದ ಹೊಸ ನಿಯಮಗಳನ್ನು ಅದೇ ಆಗಸ್ಟ್‌ನಲ್ಲಿ ತಡೆಹಿಡಿದಾಗ ಹಳೆಯವೇ ಮತ್ತೆ ಜಾರಿಗೆ ಬಂದವು.

ಬೆಲೆಯ ಮಾತು ಬೇರೆ. ಅಗತ್ಯ ಔಷಧಗಳ ರಾಷ್ಟ್ರೀಯ ಪಟ್ಟಿಯಲ್ಲಿರುವುದಕ್ಕೆ ಸರ್ಕಾರ ಗರಿಷ್ಠ ಬೆಲೆ ಕಟ್ಟುತ್ತದೆ. ಪಟ್ಟಿಯ ಹೊರಗಿನದಕ್ಕೆ ಆ ಮಿತಿಯಿಲ್ಲ, ವರ್ಷಕ್ಕೆ ಶೇ 10ರವರೆಗೆ ಏರಿಸಿಕೊಳ್ಳಬಹುದು. ಬಿಲ್ಲು ಉಬ್ಬಿಸುವುದು ಹೆಚ್ಚಾಗಿ ಆ ಟಾನಿಕ್, ವಿಟಮಿನ್‌ಗಳೇ. ಸರ್ಕಾರದ ಫಾರ್ಮಾ ಸಹಿ ದಾಮ್ ಆ್ಯಪ್‌ನಲ್ಲಿ ಬೆಲೆ ನೋಡಿಕೊಳ್ಳಿ. ಜನೌಷಧಿ ಕೇಂದ್ರಗಳಲ್ಲಿ ಅದೇ ಔಷಧ ಅರ್ಧಕ್ಕಿಂತ ಕಡಿಮೆಗೆ ಸಿಗುತ್ತದೆ. ಆದರೆ ಥೈರಾಯ್ಡ್, ಮೂರ್ಛೆರೋಗದ ಗುಳಿಗೆಗಳನ್ನು ಮಾತ್ರ ವೈದ್ಯರನ್ನು ಕೇಳದೆ ಬದಲಾಯಿಸಬೇಡಿ.

ಉದ್ಯಾನದ ಎದುರು ಮನೆ:
ಹೊರಗೆ ಕೊಂಡರೆ ವೈದ್ಯರು ಮುನಿಸಿಕೊಂಡಾರು ಎಂದು ನಮ್ಮ ಮನೆಯವರಿಗೆ ಸಂಕೋಚ.

2ನೇ ಅಡ್ಡರಸ್ತೆ, ಮಹಡಿ ಮನೆ:
ಔಷಧ ಎಲ್ಲಿ ಕೊಳ್ಳಬೇಕೆಂಬುದು ರೋಗಿಯ ಆಯ್ಕೆ. ಕೇಂದ್ರ ಸರ್ಕಾರದ ರೋಗಿಗಳ ಹಕ್ಕುಗಳ ಸನ್ನದಿನಲ್ಲೇ ಇದೆ. ಸಂಕೋಚಕ್ಕೆ ಮಾತ್ರ ನನ್ನಲ್ಲಿ ಔಷಧವಿಲ್ಲ.

3ನೇ ಅಡ್ಡರಸ್ತೆ, ಮೂಲೆ ಮನೆ:
ಹಾಗಾದರೆ ಮೊದಲು ಭೇಟಿ, ದೂರು ಆಮೇಲೆ. ಕೇಳಬೇಕಾದದ್ದು ಇಷ್ಟೇ: ಚೀಟಿಯಲ್ಲಿ ಜೆನರಿಕ್ ಹೆಸರಿರಲಿ, ಪ್ರತಿ ಗುಳಿಗೆ ಏತಕ್ಕೆಂದು ಒಂದು ಮಾತು ಹೇಳಲಿ, ಪಕ್ಕದ ಅಂಗಡಿ ಬಿಲ್ಲು ಕೊಡಲಿ. ಭಾನುವಾರ ಬೆಳಿಗ್ಗೆ 11ಕ್ಕೆ, ರೋಗಿಗಳ ಸಾಲು ಕರಗಿದ ಮೇಲೆ. ನಾಲ್ವರು ಸಾಕು, ದಂಡು ಬೇಡ. ಚೀಟಿಯ ಫೋಟೊ ಹಾಕುವವರು ಹೆಸರು, ಕಾಯಿಲೆ ಕಾಣದಂತೆ ಮುಚ್ಚಿ. ಬೆಳಿಗ್ಗೆ ಈ ಗುಂಪಿನಲ್ಲಿ ಬಂದ ಚೀಟಿಯ ಫೋಟೊವನ್ನು ದಯವಿಟ್ಟು ಅಳಿಸಿ, ಅದು ಪಕ್ಕದ ಮನೆಯವರದು.

4ನೇ ಅಡ್ಡರಸ್ತೆ:
ಒಂದು ತಿಂಗಳು ಕಾಯುತ್ತೇನೆ. ಅಲ್ಲಿಯವರೆಗೆ ದೂರಿನ ಕರಡು ನನ್ನ ಬಳಿಯೇ ಇರುತ್ತದೆ.

1ನೇ ಅಡ್ಡರಸ್ತೆ:
ಭಾನುವಾರ ನಾನೂ ಬರುತ್ತೇನೆ. ಆದರೆ ಮಾತು ಶುರು ಮಾಡುವವನು ನಾನು, 4ನೇ ಅಡ್ಡರಸ್ತೆಯವರಲ್ಲ.